ತುಕ್ಕು ಹಿಡಿಯದ ದೋಣಿಯ ಮುಪ್ಪು

ದೋಣಿ ಸೋರುತ್ತದೆಯೇ ಎಂದು ತಿಳಿಯಲು ಅದರೊಳಗೇ ನೀರು ತುಂಬಿಸುವುದನ್ನು ಇದೇ ಮೊದಲು ನೋಡಿದ್ದು. ಮಗಳ ಮನೆಯ ಪಕ್ಕದವರು ಟ್ರೇಲರ್ ಮೇಲೆ ಕೂತಿದ್ದ ತಮ್ಮ 14 ಅಡಿಯ ಹಳೆಯ ಅಲ್ಯೂಮಿನಿಯಂ ದೋಣಿಯೊಳಕ್ಕೆ ತೋಟದ ಪೈಪು ಬಿಟ್ಟರು. ತಳದಲ್ಲಿ ನಾಲ್ಕು ಅಂಗುಲ ನೀರು ನಿಂತಾಗ ನಲ್ಲಿ ನಿಲ್ಲಿಸಿ, ಅಂಗಾತ ಮಲಗಿ ದೋಣಿಯಡಿಗೆ ಸರಿದರು. ಕೈಯಲ್ಲಿ ಮಾರ್ಕರ್ ಪೆನ್ನು. ಹನಿ ಜಿನುಗಿದಲ್ಲೆಲ್ಲ ಒಂದೊಂದು ಸುತ್ತು ಹಾಕುತ್ತ ಹೋದರು.

ಯಾಕೆ ಹೀಗೆ ಎಂದು ಕೇಳಿದೆ. ಸರೋವರದಲ್ಲಿ ತೇಲುವಾಗ ಒಳಗೆ ಬಂದ ನೀರು ಎಲ್ಲಿಂದ ಬಂತೆಂದು ಹೇಳುವುದಿಲ್ಲವಂತೆ. ಎಲ್ಲ ಹರಿದು ಹಿಂಬದಿಯಲ್ಲಿ ಒಟ್ಟಾಗುತ್ತದೆ. ಒಳಗಿನಿಂದ ಹೊರಗೆ ಹೋಗುವ ನೀರಾದರೆ ತಾನು ಹೊರಬಿದ್ದ, ತಗಡು ಜೋಡಿಸಿದ ರಿವೆಟ್ ಮೊಳೆಯ ತಲೆಯಲ್ಲೇ ಹನಿಯಾಗಿ ತೂಗುತ್ತದೆ. ನಾಲ್ಕು ಅಂಗುಲಕ್ಕಿಂತ ಹೆಚ್ಚು ತುಂಬಿಸಬಾರದು ಎಂದೂ ಹೇಳಿದರು. ಅಷ್ಟು ನೀರೇ ಸುಮಾರು 400 ಕೆಜಿ ತೂಗುತ್ತದೆ. ಸರೋವರದಲ್ಲಾದರೆ ದೋಣಿಯನ್ನು ನೀರು ಹೊರಗಿನಿಂದ ಎಲ್ಲ ಕಡೆಯೂ ಒಂದೇ ಸಮ ಎತ್ತಿ ಹಿಡಿಯುತ್ತದೆ. ಟ್ರೇಲರ್ ಹಿಡಿಯುವುದು ನಾಲ್ಕಾರು ಜಾಗದಲ್ಲಿ ಮಾತ್ರ. ಅದಕ್ಕೇ ತಳದಡಿ ಅಲ್ಲಲ್ಲಿ ಮರದ ದಿಮ್ಮಿ ಕೊಟ್ಟಿದ್ದರು. ತಗಡಿನ ದಪ್ಪ ಒಂದೂವರೆ ಮಿಲಿಮೀಟರ್ ಆಸುಪಾಸು, ಅಷ್ಟೇ.

*

ಇದು ಅಮೆರಿಕದ ಮಿನೆಸೋಟ. ಮಿನಿಯಾಪೊಲಿಸ್‌ನಿಂದ ದಕ್ಷಿಣಕ್ಕೆ, ಮಿನೆಸೋಟ ನದಿಯ ಬದಿಯ ಊರು. ವಾಹನಗಳ ನಂಬರ್ ಪ್ಲೇಟಿನ ಮೇಲೆ ಹತ್ತು ಸಾವಿರ ಸರೋವರಗಳ ನಾಡು ಎಂದು ಬರೆದಿರುತ್ತದೆ. ಅದೂ ಕಡಿಮೆ ಹೇಳಿದ್ದು: ಹತ್ತು ಎಕರೆಗಿಂತ ದೊಡ್ಡವನ್ನು ಮಾತ್ರ ಎಣಿಸಿದರೂ 11,842. ಏಪ್ರಿಲ್‌ನಲ್ಲಿ ಮಂಜುಗಡ್ಡೆ ಕರಗುತ್ತದೆ, ಮೇ ನಡುವಿನ ಒಂದು ಶನಿವಾರ ವಾಲೈ ಮೀನು ಹಿಡಿಯುವ ಕಾಲ ಆರಂಭ. ಊರಿನ ಅರ್ಧ ಗ್ಯಾರೇಜುಗಳ ಬಾಗಿಲು ಈ ಎರಡರ ನಡುವೆ ತೆರೆದೇ ಇರುತ್ತದೆ.

ಈ ಅಲ್ಯೂಮಿನಿಯಂ ದೋಣಿಗಳ ಹುಟ್ಟಿಗೆ ವಿಮಾನದ ನಂಟಿದೆ. 1944ರಲ್ಲಿ ಗ್ರಮ್ಮನ್ ವಿಮಾನ ಕಂಪನಿಯ ವಿಲಿಯಂ ಹಾಫ್‌ಮನ್ ಎಂಬ ಅಧಿಕಾರಿ ನ್ಯೂಯಾರ್ಕ್ ರಾಜ್ಯದ ಆಡಿರಾಂಡ್ಯಾಕ್ ಬೆಟ್ಟಗಳಲ್ಲಿ ಮರ–ಕ್ಯಾನ್ವಾಸಿನ ಭಾರದ ಕನೂ ದೋಣಿ ಹೊತ್ತು ನಡೆದು ದಣಿದು, ನಾವು ವಿಮಾನಕ್ಕೆ ಬಳಸುವ ತಗಡಿನಲ್ಲೇ ಇದನ್ನು ಯಾಕೆ ಮಾಡಬಾರದು ಎಂದು ಯೋಚಿಸಿದರು. ಯುದ್ಧ ಮುಗಿದಾಗ ತಗಡು ಇತ್ತು, ಅದನ್ನು ಬಗ್ಗಿಸಿ ರಿವೆಟ್ ಹೊಡೆಯಬಲ್ಲ ಕೈಗಳೂ ಇದ್ದವು. ಇದೇ ಕಂಪನಿ ಮುಂದೆ ಚಂದ್ರನ ಮೇಲಿಳಿದ ಅಪೊಲೊ ಲೂನಾರ್ ಮಾಡ್ಯೂಲ್ ಕಟ್ಟಿತು. ಮಿನೆಸೋಟದಲ್ಲಿ 1946ರಲ್ಲಿ ಅಲ್ಯುಮಾಕ್ರಾಫ್ಟ್ ಶುರುವಾಯಿತು. 1948ರಲ್ಲಿ ನ್ಯೂಯಾರ್ಕ್ ಮಿಲ್ಸ್ ಎಂಬ ಪುಟ್ಟ ಊರಿನಲ್ಲಿ ಹೋವರ್ಡ್ ಲುಂಡ್ ತಮ್ಮ ಬಳಕೆಗೆಂದು ಒಂದು ದೋಣಿ ಮಾಡಿಕೊಂಡರು, ಅದೇ ಕಾರ್ಖಾನೆಯಾಗಿ ಬೆಳೆಯಿತು. ಮನೆಯ ಗ್ಯಾರೇಜಿನಲ್ಲಿ ಹಳೆಯ ದೋಣಿ ಬಿಚ್ಚಿ ಕೂರುವವರನ್ನು ನೋಡಿದರೆ, ಈ ಕೆಲಸ ಮನೆಯಂಗಳಕ್ಕೆ ಹೊಸದೇನೂ ಅಲ್ಲ ಅನ್ನಿಸುತ್ತದೆ.

*

ನನ್ನನ್ನು ಕಾಡಿದ್ದು ಇದು: ಅಲ್ಯೂಮಿನಿಯಂಗೆ ತುಕ್ಕು ಹಿಡಿಯುವುದಿಲ್ಲ. ನಲವತ್ತು ವರ್ಷ ನೀರಿನಲ್ಲಿದ್ದ ತಗಡು ಇವತ್ತೂ ಗಟ್ಟಿ. ಹಾಗಿದ್ದರೆ ಈ ದೋಣಿಗೆ ಮುಪ್ಪು ಬಂದದ್ದು ಎಲ್ಲಿ? ಇಷ್ಟೊಂದು ದಿನ ಬಿಚ್ಚಿ, ಕೆರೆದು, ಮತ್ತೆ ಕಟ್ಟುವುದು ಏನನ್ನು?

ತಿಳಿದದ್ದನ್ನು ಬರೆದಿಡುತ್ತೇನೆ. ಅಲ್ಯೂಮಿನಿಯಂಗೆ ಗಾಳಿ ಸೋಕಿದೊಡನೆ ಅದರ ಮೇಲೆ ಆಕ್ಸೈಡಿನ ಒಂದು ಪದರ ಹುಟ್ಟುತ್ತದೆ. ಕೆಲವೇ ನ್ಯಾನೋಮೀಟರ್ ದಪ್ಪ. ಆ ಪದರವೇ ಕಾವಲು. ಗೀರಿದರೆ ತಾನಾಗಿ ಮತ್ತೆ ಬೆಳೆಯುತ್ತದೆ. ಆದರೆ ಬೆಳೆಯಲು ಆಮ್ಲಜನಕ ಬೇಕು. ಒದ್ದೆಯಾದ ಮರ, ಒದ್ದೆ ಫೋಮ್, ಒದ್ದೆ ಕಾರ್ಪೆಟ್ ತಗಡಿಗೆ ಅಂಟಿಕೊಂಡು ವರ್ಷಗಟ್ಟಲೆ ಕೂತರೆ ಅಲ್ಲಿ ಗಾಳಿ ಆಡುವುದಿಲ್ಲ, ಕಾವಲು ಕೆಡುತ್ತದೆ, ಬಿಳಿ ಪುಡಿ ಏಳುತ್ತದೆ. ಪುಡಿ ಒರೆಸಿದರೆ ಕೆಳಗೆ ಸಣ್ಣ ಸಣ್ಣ ಗುಳಿ. ಕೆಲವು ಗುಳಿಗಳು ಆಚೆ ಬದಿ ಮುಟ್ಟಿರುತ್ತವೆ.

ಅಂದರೆ ಸರೋವರದ ನೀರು ಈ ದೋಣಿಯನ್ನು ಕೆಡಿಸಿಲ್ಲ. ಒಳಗೆ ಬಂದು ಹೊರಹೋಗಲಾರದೆ ನಿಂತ ನೀರು ಕೆಡಿಸಿದೆ. ಇನ್ನೊಂದು ಮಾತು: ಇಲ್ಲಿಯದೆಲ್ಲ ಸಿಹಿನೀರು. ಉಪ್ಪುನೀರಿನಲ್ಲಿ ಬೇರೆ ಬೇರೆ ಲೋಹಗಳ ನಡುವೆ ವಿದ್ಯುತ್ತು ಸಲೀಸಾಗಿ ಹರಿದು ಅಲ್ಯೂಮಿನಿಯಂ ಬೇಗ ಕರಗುತ್ತದೆ. ಅಜ್ಜನ ಕಾಲದ ಅಲ್ಯೂಮಿನಿಯಂ ದೋಣಿ ಮೊಮ್ಮಗನ ಕೈಗೆ ಬರುವುದು ಇಂಥ ಸಿಹಿನೀರಿನ ನಾಡಿನಲ್ಲೇ ಹೆಚ್ಚು.

*

ದೋಣಿಯ ಹಿಂಬದಿ ಗೋಡೆಗೆ ಟ್ರಾನ್ಸಮ್ ಎನ್ನುತ್ತಾರೆ. ಹೊರಗೆ ಕಾಣುವುದು ಅಲ್ಯೂಮಿನಿಯಂ. ಆದರೆ ಮೋಟರ್ ಕಚ್ಚಿ ಕೂರಲು ತೆಳು ತಗಡು ಸಾಲದು, ಅದಕ್ಕೆ ಒಳಗೆ ಒಂದೂವರೆ ಅಂಗುಲ ದಪ್ಪದ ಪ್ಲೈವುಡ್ ಇರುತ್ತದೆ, ಮುಕ್ಕಾಲು ಅಂಗುಲದ ಎರಡು ಹಲಗೆ ಅಂಟಿಸಿದ್ದು. ಮೂವತ್ತು ಕೆಜಿ ಮೀರಿದ ಎಂಜಿನ್ ಅಲ್ಲಿ ನೇತಾಡುತ್ತದೆ. ಬರೀ ನೇತಾಡುವುದಲ್ಲ, ಪ್ರೊಪೆಲ್ಲರ್ ನೀರನ್ನು ಹಿಂದಕ್ಕೆ ತಳ್ಳಿದಾಗ ಮುಂದಕ್ಕೆ ಹೋಗುವ ಒತ್ತಡವೆಲ್ಲ ಆ ಹಲಗೆಯ ಮೂಲಕವೇ ದೋಣಿಗೆ ಸೇರುತ್ತದೆ. ಇಡೀ ಲೋಹದ ದೋಣಿ ಓಡುವುದು ಕಣ್ಣಿಗೆ ಕಾಣದ ಒಂದು ಮರದ ತುಂಡಿನ ಬಲದ ಮೇಲೆ ಎಂದು ತಿಳಿದಾಗ ನನಗೆ ನಿಜಕ್ಕೂ ಅಚ್ಚರಿಯಾಯಿತು.

ಅವರು ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ತೋರಿಸಿದರು. ಮೇಲ್ಭಾಗದಲ್ಲಿ ಠಣ್ ಅಂದಿತು. ಕೆಳಗೆ ಬರುತ್ತ ದನಿ ಸತ್ತಿತು. ಮೂಲೆಯ ಪಟ್ಟಿಗಳನ್ನು ಬಿಚ್ಚಿ ಮೇಲಿನ ಕವಚ ತೆಗೆದಾಗ ಪ್ಲೈವುಡ್ ನೆನೆಸಿಟ್ಟ ಅವಲಕ್ಕಿಯ ಹಾಗೆ ಬೆರಳಿಗೆ ಬಂತು. ಹಲಗೆಯಾಗಿ ಎದ್ದು ಬರಲಿಲ್ಲ. ಕೈಯಿಂದ ಬಾಚಿ ಬಾಚಿ ಬಕೆಟ್ಟಿಗೆ ಹಾಕಬೇಕಾಯಿತು. ಅಳತೆಗೆಂದು ಹಳೆಯ ಹಲಗೆ ಉಳಿಯಲಿಲ್ಲವಾದ್ದರಿಂದ ರಟ್ಟು ಕತ್ತರಿಸಿ ಅಚ್ಚು ಮಾಡಿದರು.

ನೀರು ಹೋದ ದಾರಿ ಯಾವುದು? ಹಿಂದಿನ ಯಾರೋ ಒಡೆಯರು ಮೀನು ಪತ್ತೆಹಚ್ಚುವ ಉಪಕರಣ ಕೂರಿಸಲು ಕೊರೆದ ಸ್ಕ್ರೂ ತೂತುಗಳು. ಉಪಕರಣ ಬದಲಾದಾಗೆಲ್ಲ ಹೊಸ ತೂತು. ಹಳೆಯದನ್ನು ಮುಚ್ಚಿಲ್ಲ. ಪೆನ್ಸಿಲ್ ಮೊನೆಯಷ್ಟು ತೂತಿನಿಂದ ಇಷ್ಟು ದೊಡ್ಡ ಹಲಗೆ ಕೊಳೆತಿತ್ತು.

ಹೊಸ ಹಲಗೆಗೆ ಅವರು ಬೋಲ್ಟ್ ಕೂರಿಸಿದ ರೀತಿಯನ್ನು ಬಹಳ ಹೊತ್ತು ನೋಡಿದೆ. ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದರು. ಅದನ್ನು ಪೂರ್ತಿ ಎಪಾಕ್ಸಿ ಅಂಟಿನಿಂದ ತುಂಬಿದರು. ಅದು ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಳತೆಯ ತೂತು ಮತ್ತೆ ಕೊರೆದರು. ಈಗ ಬೋಲ್ಟು ಮರವನ್ನು ಮುಟ್ಟುವುದೇ ಇಲ್ಲ; ಮುಂದೆಂದಾದರೂ ನೀರು ಬೋಲ್ಟಿನ ಗುಂಟ ನುಸುಳಿದರೂ ಅದಕ್ಕೆ ಸಿಗುವುದು ಎಪಾಕ್ಸಿಯ ಗೋಡೆ. ಒಂದು ತೂತನ್ನು ಎರಡು ಸಲ ಕೊರೆಯುವ ಈ ತಾಳ್ಮೆ ನನಗೆ ದೊಡ್ಡದಾಗಿ ಕಂಡಿತು.

*

ಮರೈನ್ ಪ್ಲೈ ಎಂದರೆ ನಮ್ಮಲ್ಲಿ ಅಡುಗೆಮನೆಯ ಕಪಾಟಿಗೆ ಹಾಕಿಸುವುದು. ಅದೇ ತಂದಿರಬೇಕೆಂದುಕೊಂಡೆ. ಅವರು ತಂದದ್ದು ಹೊರಗಿನ ಗೋಡೆಗೆ ಬಳಸುವ ಸಾಮಾನ್ಯ ದರ್ಜೆಯದು. ಎರಡರಲ್ಲೂ ಪದರಗಳ ನಡುವಿನ ಅಂಟು ನೀರಿಗೆ ಬಿಡದ್ದೇ; ಮರೈನ್ ದರ್ಜೆಯಲ್ಲಿ ಒಳಗೆ ಟೊಳ್ಳು ಬಿಟ್ಟಿರುವುದಿಲ್ಲ, ಅದು ಮುಖ್ಯ ವ್ಯತ್ಯಾಸ. ಟೊಳ್ಳಿಲ್ಲದ ಹಾಳೆಗಳನ್ನು ಅವರೇ ಅಂಚು ನೋಡಿ ಆರಿಸಿದ್ದರು.

ನನಗೆ ಅರ್ಥವಾಗದ್ದು ಬೇರೆ. ಅದೇ ಅಂಗಡಿಯಲ್ಲಿ, ಮಣ್ಣಲ್ಲಿ ಹೂತರೂ ಕೊಳೆಯದ, ಔಷಧ ಹಾಕಿದ ಹಸಿರುಬಣ್ಣದ ಮರವೂ ಸಿಗುತ್ತದೆ. ಕೊಳೆತದ್ದಕ್ಕೇ ಇಷ್ಟು ಪಾಡು ಪಟ್ಟವರು ಮತ್ತೆ ಕೊಳೆಯಬಲ್ಲ ಮರವನ್ನೇ ತಂದದ್ದೇಕೆ?

ಉತ್ತರ ಕೇಳಿ ಒಂದು ಕ್ಷಣ ಸುಮ್ಮನಾದೆ. ಆ ಔಷಧ ತಾಮ್ರ. ಶಿಲೀಂಧ್ರಕ್ಕೆ ವಿಷವಾಗುವ ತಾಮ್ರ ಅಲ್ಯೂಮಿನಿಯಂಗೂ ಆಗದು. ಒದ್ದೆಯಲ್ಲಿ ಎರಡೂ ಸೇರಿದರೆ ಅಲ್ಯೂಮಿನಿಯಂ ಸವೆಯುತ್ತದೆ, ತಾಮ್ರ ಉಳಿಯುತ್ತದೆ. ಅಮೆರಿಕದಲ್ಲಿ 2003ರ ಕೊನೆಯವರೆಗೆ ಮನೆಬಳಕೆಯ ಮರಕ್ಕೆ ತಾಮ್ರದ ಜೊತೆ ಕ್ರೋಮಿಯಂ, ಆರ್ಸೆನಿಕ್ ಸೇರಿಸುತ್ತಿದ್ದರು. ಆರ್ಸೆನಿಕ್ ಬೇಡವೆಂದು ಅದನ್ನು ಬಿಟ್ಟ ಮೇಲೆ ಬಂದ ಹೊಸ ಔಷಧಗಳಲ್ಲಿ ತಾಮ್ರದ ಪಾಲು ಇನ್ನೂ ಹೆಚ್ಚು. ಆ ಮರ ಹಾಕಿದ್ದರೆ ಹಲಗೆ ಉಳಿದು ದೋಣಿ ಹೋಗುತ್ತಿತ್ತು. ಹಾಗಾಗಿ ಕೊಳೆಯುವ ಮರವನ್ನೇ ತಂದು, ಆರೂ ಮುಖಕ್ಕೆ ಎಪಾಕ್ಸಿ ಬಳಿದು, ನೀರು ಸೋಕದಂತೆ ಕಾಯುವುದು.

ಇದೇ ಕಾರಣಕ್ಕೆ ಅವರು ದೋಣಿಯ ತಳದಲ್ಲಿ ಟಾರ್ಚ್ ಹಿಡಿದು ಹುಡುಕಿದ್ದು ನಾಣ್ಯಗಳನ್ನು. ಒಂದು ಸೆಂಟಿನ ನಾಣ್ಯ ತಳದ ಸಂದಿಯಲ್ಲಿ ಬಿದ್ದು ಒದ್ದೆಯಲ್ಲಿ ಕೂತರೆ ತನ್ನಡಿಯ ತಗಡನ್ನು ತಿಂದುಹಾಕುತ್ತದೆ. 1982ಕ್ಕೆ ಮೊದಲಿನವು ಹೆಚ್ಚುಕಮ್ಮಿ ಪೂರ್ತಿ ತಾಮ್ರ. ಆಮೇಲಿನವು ಸತುವಿನ ಮೇಲೆ ತಾಮ್ರದ ಲೇಪ. ಗಾಳದ ದಾರಕ್ಕೆ ಕಟ್ಟುವ ಸೀಸದ ಗುಂಡುಗಳನ್ನೂ ಹೆಕ್ಕಿ ತೆಗೆದರು.

*

ಬೇಲಿಯ ಮೇಲೆ ಚಿಂದಿ ಬಟ್ಟೆಗಳು. ಒಂದಕ್ಕೊಂದು ತಾಗದಂತೆ, ಬಿಡಿಸಿ ಹರವಿದವು. ಒಗೆದ ಬಟ್ಟೆಯಲ್ಲ, ಕಂದು ಕಲೆ ಇದೆ.

ಸೀಟಿನ ಹಲಗೆಗಳಿಗೆ ಅವರು ಹಳಬರ ಕ್ರಮದಲ್ಲಿ ಅಗಸೆ ಎಣ್ಣೆ, ಟರ್ಪೆಂಟೈನ್, ವಾರ್ನಿಷ್ ಬೆರೆಸಿ ಬಳಿದಿದ್ದರು. ಅಗಸೆ ಎಣ್ಣೆ ಆರುವುದೆಂದರೆ ಆವಿಯಾಗುವುದಲ್ಲ, ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುವುದು. ಆಗ ಬಿಸಿ ಹುಟ್ಟುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಆ ಬಿಸಿ ಒಳಗೇ ಉಳಿದು, ಯಾರೂ ಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಹುದು. ಹರವಿದರೆ ಬಿಸಿ ಗಾಳಿಗೆ ಹೋಗುತ್ತದೆ. ಇದನ್ನು ನಮ್ಮ ಬಡಗಿಗಳಿಗೂ ಬಣ್ಣದವರಿಗೂ ಹೇಳಬೇಕು. ದೋಣಿಗೆ ಎಣ್ಣೆ ಹಚ್ಚುವುದು ನಮ್ಮಲ್ಲೂ ಇದೆ: ಕರಾವಳಿಯ ಮಲ್ಪೆ ಕಡೆ ಮರದ ದೋಣಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಚರ್ಮ ಸುಡುತ್ತದೆ, ಮುಟ್ಟಬೇಡಿ ಎಂದು ದೊಡ್ಡವರು ಬೈಯುತ್ತಿದ್ದರು.

*

ರಿವೆಟ್ ಕೆಲಸಕ್ಕೆ ಇಬ್ಬರು ಬೇಕು. ಅಳಿಯ ಆಫೀಸಿಗೆ ಹೋಗಿದ್ದ, ಹಾಗಾಗಿ ನನ್ನನ್ನು ಕರೆದರು.

ಸಡಿಲವಾದ ಹಳೆಯ ರಿವೆಟ್ಟಿನ ತಲೆ ಕೊರೆದು, ದಂಡನ್ನು ತಟ್ಟಿ ಹೊರತೆಗೆದು, ತೂತಿಗೆ ಸೀಲಂಟ್ ಹಚ್ಚಿ, ಹೊಸ ಗಟ್ಟಿ ರಿವೆಟ್ ತೂರಿಸಿದರು. ಅವರು ಹೊರಗಿನಿಂದ ಗಾಳಿಒತ್ತಡದ ಸುತ್ತಿಗೆ ಹಿಡಿದರು. ನಾನು ದೋಣಿಯೊಳಗೆ ಮಂಡಿಯೂರಿ, ರಿವೆಟ್ಟಿನ ಬಾಲಕ್ಕೆ ಒಂದು ಉಕ್ಕಿನ ದಿಮ್ಮಿ ಒತ್ತಿ ಹಿಡಿಯಬೇಕು. ಅದಕ್ಕೆ ಬಕಿಂಗ್ ಬಾರ್ ಎಂದು ಹೆಸರು. ಅಂಗೈಯಗಲ, ಆದರೆ ಭಾರ. ಸುತ್ತಿಗೆ ಬಡಿಯುವುದು ತಲೆಗೆ, ಚಪ್ಪಟೆಯಾಗುವುದು ಬಾಲ. ದಿಮ್ಮಿಯ ಜಡತ್ವವೇ ಬಾಲವನ್ನು ಒತ್ತಿ ಅಗಲ ಮಾಡುತ್ತದೆ. ಹೊಡೆತದ ದನಿ ತಗಡಿನಲ್ಲೆಲ್ಲ ಹರಿದು ಹಲ್ಲಿಗೆ ಬರುತ್ತದೆ. ಕಿವಿಗೆ ಮುಚ್ಚಳ ಹಾಕಿಸಿದ್ದರು. ಎಷ್ಟು ಹೊಡೆಯಬೇಕು? ಅದಕ್ಕೆ ವಿಮಾನದವರ ಲೆಕ್ಕವೇ ಇದೆ: ಚಪ್ಪಟೆಯಾದ ಭಾಗ ದಂಡಿನ ಒಂದೂವರೆ ಪಟ್ಟು ಅಗಲ, ಅರ್ಧದಷ್ಟು ಎತ್ತರ. ಹೆಚ್ಚು ಹೊಡೆದರೆ ಅಂಚು ಸೀಳುತ್ತದೆ, ಕಡಿಮೆಯಾದರೆ ಹಿಡಿಯುವುದಿಲ್ಲ.

ಇಬ್ಬರಿಗೂ ಮುಖ ಕಾಣುವುದಿಲ್ಲ, ನಡುವೆ ತಗಡು. ಸಾಕು ಎನ್ನಲು ಎರಡು ಸಲ ತಟ್ಟುವುದು, ಇನ್ನೊಂದು ಹೊಡೆತ ಬೇಕು ಎನ್ನಲು ಒಂದು ಸಲ. ಎರಡನೇ ಮಹಾಯುದ್ಧದಲ್ಲಿ ವಿಮಾನ ಕಾರ್ಖಾನೆಗಳಲ್ಲಿ ಹೆಂಗಸರು ಹೀಗೆ ಜೋಡಿಜೋಡಿಯಾಗಿ ಕೂತು ಲಕ್ಷಾಂತರ ರಿವೆಟ್ ಹೊಡೆದರು. ಪೋಸ್ಟರುಗಳಲ್ಲಿ ಹೆಸರಾದವಳು ಸುತ್ತಿಗೆ ಹಿಡಿದ ರೋಸಿ. ದಿಮ್ಮಿ ಹಿಡಿದವಳ ಹೆಸರು ಯಾರಿಗೂ ತಿಳಿಯದು. ಅವಳ ಕೆಲಸದ ಭಾರವೆಷ್ಟು ಎನ್ನುವುದು ನನ್ನ ಮಣಿಕಟ್ಟಿಗೆ ಸಂಜೆಯವರೆಗೂ ಗೊತ್ತಿತ್ತು.

ಒಬ್ಬರೇ ಹೊಡೆಯಬಹುದಾದ ಪಾಪ್ ರಿವೆಟ್ ಇದೆಯಲ್ಲ? ಇದೆ. ನಡುವೆ ತೂತು ಇರುತ್ತದೆ, ಅಲ್ಲಿಂದಲೇ ಸೋರುತ್ತದೆ. ಒಳಗೆ ಮುರಿದುಳಿಯುವ ಉಕ್ಕಿನ ಚೂರು ತುಕ್ಕು ಹಿಡಿಯುತ್ತದೆ. ತುದಿ ಮುಚ್ಚಿದ ಬಗೆಯದು ಪರವಾಗಿಲ್ಲ. ಕೈ ಹೋಗದ ಮೂಲೆಗಳಿಗೆ ಮಾತ್ರ ಅದನ್ನು ಬಳಸಿದರು.

*

ಬಿರುಕು ನಿಲ್ಲಿಸಲು ತೂತು ಕೊರೆಯುತ್ತಾರೆ!

ಮೂಲೆಯಲ್ಲಿ ಬೆರಳುದ್ದದ ಸೀಳು. ಅದರ ಎರಡೂ ತುದಿಗೆ ಒಂದೊಂದು ಸಣ್ಣ ಗುಂಡು ತೂತು. ಸೀಳಿನ ತುದಿ ಸೂಜಿಯಷ್ಟು ಚೂಪಾಗಿರುವುದರಿಂದ ಎಳೆತವೆಲ್ಲ ಅಲ್ಲಿ ಒಟ್ಟಾಗಿ ಇನ್ನೂ ಸೀಳುತ್ತದೆ. ತುದಿ ದುಂಡಗಾದರೆ ಎಳೆತ ಸುತ್ತಲೂ ಹಂಚಿಹೋಗುತ್ತದೆ. ಇದೂ ವಿಮಾನದವರು ಬಳಸುವ ವಿದ್ಯೆ. ಒಂದು ಮಿತಿಗಿಂತ ಸಣ್ಣ ಎಳೆತದಿಂದ ಉಕ್ಕಿಗೆ ಆಯಾಸವಾಗುವುದಿಲ್ಲ, ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ. ಸಣ್ಣ ಅದುರಾಟವೂ ವರ್ಷಗಟ್ಟಲೆ ನಡೆದರೆ ಲೆಕ್ಕಕ್ಕೆ ಸೇರುತ್ತಲೇ ಹೋಗುತ್ತದೆ.

ಬೆಸುಗೆಗೆ ಮಾತ್ರ ಹೊರಗೆ ಕೊಟ್ಟರು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಮೇಲಿನ ಆಕ್ಸೈಡ್ ಪದರಕ್ಕೆ 2,000ಕ್ಕೂ ಹೆಚ್ಚು ಬೇಕು. ಕಬ್ಬಿಣ ಕೆಂಪಾಗಿ ಎಚ್ಚರಿಸುತ್ತದೆ, ಅಲ್ಯೂಮಿನಿಯಂ ಬಣ್ಣ ಬದಲಿಸದೆ ಇದ್ದಕ್ಕಿದ್ದಂತೆ ಕುಸಿದು ತೂತಾಗುತ್ತದೆ. ತಗಡು ಇಷ್ಟು ತೆಳುವಿದ್ದಾಗ ಕೈಪಳಗಿದವರೇ ಬೇಕು.

*

ಸೀಟಿನಡಿಯ ಫೋಮ್ ಅಗೆದು ತೆಗೆದ ದಿನ ಅಂಗಳದಲ್ಲಿ ರಾಶಿ ಬಿತ್ತು. ಹಗುರವಾಗಿರಬೇಕಾದ ವಸ್ತುವನ್ನು ಎರಡು ಕೈಯಲ್ಲಿ ಎತ್ತಬೇಕಾಯಿತು. ಹಿಂಡಿದರೆ ನೀರು. ದೋಣಿಯನ್ನು ತೇಲಿಸಲೆಂದು ತುಂಬಿದ್ದೇ ವರ್ಷಗಳಲ್ಲಿ ನೀರು ಕುಡಿದು ಅದನ್ನು ಭಾರ ಮಾಡಿತ್ತು.

ಅಲ್ಯೂಮಿನಿಯಂ ನೀರಿಗಿಂತ 2.7 ಪಟ್ಟು ಸಾಂದ್ರ. ಮರದ ದೋಣಿ ಮಗುಚಿದರೂ ಮರ ತೇಲುತ್ತದೆ. ಲೋಹದ್ದು ನೀರು ತುಂಬಿದರೆ ತಳ ಸೇರುತ್ತದೆ, ಹಿಂದೆ ಮೋಟರ್ ಇದ್ದರೆ ಬಾಲ ಕೆಳಗಾಗಿ ನೆಟ್ಟಗೆ ಇಳಿಯುತ್ತದೆ. ಅಮೆರಿಕದಲ್ಲಿ 1971ರಲ್ಲಿ ದೋಣಿ ಸುರಕ್ಷತೆಯ ಕಾಯ್ದೆ ಬಂದ ಮೇಲೆ 20 ಅಡಿಗಿಂತ ಚಿಕ್ಕ ಮೋಟರ್ ದೋಣಿಗಳಿಗೆ ತೇಲುವ ಸಾಮಗ್ರಿ ಕಡ್ಡಾಯವಾಯಿತು. 1978ರಿಂದ ಔಟ್‌ಬೋರ್ಡ್ ದೋಣಿಗಳಿಗೆ ನಿಯಮ ಇನ್ನೂ ಬಿಗಿ: ಪೂರ್ತಿ ನೀರು ತುಂಬಿದರೂ ದೋಣಿ ಮಟ್ಟವಾಗಿ ತೇಲಬೇಕು, ಜನ ಅದನ್ನು ಹಿಡಿದು ಕಾಯುವಂತಿರಬೇಕು. ಏಪ್ರಿಲ್ ತಿಂಗಳ ಇಲ್ಲಿಯ ನೀರಿನಲ್ಲಿ ಈಜು ಬಲ್ಲವರ ಕೈಕಾಲೂ ಬೇಗ ಸೋಲುತ್ತವೆ. ಹಿಡಿಯಲು ಏನಾದರೂ ಉಳಿದಿದೆಯೇ ಎಂಬುದೇ ಆಗ ಬದುಕು.

ಹಳೆಯ ದೋಣಿ ಬಿಚ್ಚುವ ಹಲವರು ಒದ್ದೆ ಫೋಮನ್ನು ಕಿತ್ತೆಸೆದು ಆ ಜಾಗಕ್ಕೆ ಮೀನಿನ ಪೆಟ್ಟಿಗೆ, ಬ್ಯಾಟರಿ, ಸಾಮಾನಿನ ಗೂಡು ಮಾಡಿಕೊಳ್ಳುತ್ತಾರಂತೆ. ಚಂದ ಕಾಣುತ್ತದೆ. ನನಗೆ ಇದು ಸರಿಯೆನಿಸುವುದಿಲ್ಲ, ಗಟ್ಟಿಯಾಗಿಯೇ ಹೇಳುತ್ತೇನೆ. ಆ ಗೂಡಿನಲ್ಲಿದ್ದದ್ದು ಖಾಲಿ ಜಾಗವಲ್ಲ. ದೋಣಿಯಲ್ಲಿ ಕೂರುವ ಮಕ್ಕಳಿಗೆ ಸೇರಬೇಕಾದ ಜಾಗ ಅದು.

ಪಕ್ಕದವರು ಕಾಗದ–ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದರು. ಒಂದು ಘನ ಅಡಿ ನೀರು 62.4 ಪೌಂಡ್, ಅಷ್ಟೇ ಗಾತ್ರದ ಫೋಮ್ ತನ್ನ ತೂಕ ಎರಡು ಪೌಂಡ್ ಕಳೆದು 60 ಪೌಂಡಿನಷ್ಟು ಎತ್ತಿ ಹಿಡಿಯುತ್ತದೆ. ತೆಗೆದದ್ದು ಎಷ್ಟು ಘನ ಅಡಿಯೋ ಅದಕ್ಕಿಂತ ಕಡಿಮೆಯಾಗಬಾರದು. ಯಾವ ವಸ್ತು ಎಂಬುದರಲ್ಲಿ ಅವರಿಗೂ ಗೊಂದಲ. ಎರಡು ದ್ರಾವಣ ಬೆರೆಸಿ ಸುರಿದರೆ ಉಬ್ಬುವ ಪಾಲಿಯುರಿಥೇನ್ ಮೂಲೆಮೂಲೆಗೂ ಹೋಗಿ ಕೂರುತ್ತದೆ, ಆದರೆ ತಗಡಿಗೆ ಅಂಟುತ್ತದೆ, ನೀರು ಹೊರಹೋಗುವ ಕಾಲುವೆಗಳನ್ನು ಮುಚ್ಚುತ್ತದೆ. ಮನೆಯ ಗೋಡೆಗೆ ಹಾಕುವ ನೀಲಿ ಪಾಲಿಸ್ಟೈರೀನ್ ಹಾಳೆ ನೀರನ್ನು ಬಹಳ ಕಡಿಮೆ ಹೀರುತ್ತದೆ, ಕತ್ತರಿಸಿ ಜೋಡಿಸಬಹುದು, ಬೇಕಾದಾಗ ತೆಗೆದು ಒಣಗಿಸಬಹುದು. ಆದರೆ ಅದು ನಮ್ಮ ಥರ್ಮಾಕೋಲ್‌ನ ಜಾತಿಯದೇ. ಪೆಟ್ರೋಲ್ ಬಿದ್ದರೆ ಕರಗಿಹೋಗುತ್ತದೆ. ಕೊನೆಗೆ ಮುಂದಿನ ಮತ್ತು ನಡುವಿನ ಸೀಟಿನಡಿ ನೀಲಿ ಹಾಳೆ, ಪೆಟ್ರೋಲ್ ಟ್ಯಾಂಕ್ ಇರುವ ಹಿಂಬದಿಯ ಎರಡು ಪೆಟ್ಟಿಗೆಗಳಿಗೆ ಪಾಲಿಯುರಿಥೇನ್. ಹಾಳೆಗಳ ಅಡಿಯಲ್ಲಿ ಬೆರಳು ತೂರುವಷ್ಟು ಸಂದಿ ಬಿಟ್ಟಿದ್ದಾರೆ, ನೀರು ಹರಿದುಹೋಗಲು.

*

ಒಳಗೆ ಕಾರ್ಪೆಟ್ ಹಾಕಿಸಿ ಎಂದು ಬಂದವರೆಲ್ಲ ಹೇಳುತ್ತಿದ್ದಾರೆ. ಬೇಡವೆಂದಿದ್ದಾರೆ. ಹಿಂದೆ ಇದ್ದ ಕಾರ್ಪೆಟ್ಟಿನಡಿಯಲ್ಲೇ ಗುಳಿಗಳು ಹೆಚ್ಚಿದ್ದವು. ನೆಲದ ಹಲಗೆಗಳನ್ನು ಸ್ಕ್ರೂ ಬಿಚ್ಚಿ ಎತ್ತುವಂತೆ ಮಾಡಿದ್ದಾರೆ. ನನಗೆ ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದು. ಮುಂದೊಮ್ಮೆ ಬಿಚ್ಚುವವರಿಗೆ ಸುಲಭವಾಗಲಿ ಎಂದು ಕಟ್ಟುವವರು ಕಡಿಮೆ.

*

ಮೋಟರನ್ನು ಕಸದ ಡ್ರಮ್ಮಿಗೆ ಕಚ್ಚಿಸಿ, ಡ್ರಮ್ಮಿಗೆ ನೀರು ತುಂಬಿ, ಅಲ್ಲೇ ಓಡಿಸಿದರು. ಎಂಜಿನ್ ತಣ್ಣಗಿರಲು ಹೊರಗಿನ ನೀರನ್ನೇ ಎಳೆದುಕೊಳ್ಳಬೇಕು; ಎಳೆಯುವುದು ರಬ್ಬರಿನ ಪುಟ್ಟ ಚಕ್ರ. ನೀರಿಲ್ಲದೆ ಓಡಿಸಿದರೆ ಅದು ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ. ಎಂಜಿನ್ನಿನ ಹಿಂದೆ ಸಣ್ಣ ಧಾರೆಯೊಂದು ಚಿಮ್ಮುತ್ತಿರಬೇಕು, ಅದು ನಿಂತರೆ ಆ ಕ್ಷಣ ಆಫ್ ಮಾಡಬೇಕು. ಗೇರ್ ಎಣ್ಣೆ ಬಸಿದಾಗ ಹಾಲುಬಣ್ಣ. ನೀರು ಸೇರಿದೆಯೆಂದು ಅರ್ಥ. ಸೀಲು ಬದಲಿಸಿದರು.

ಕಾರ್ಬುರೇಟರ್ ಕಟ್ಟಿಕೊಂಡಿದ್ದಕ್ಕೂ, ಪೆಟ್ರೋಲ್ ಕೊಳವೆ ಬಿರಿದಿದ್ದಕ್ಕೂ ಎಥೆನಾಲ್ ಕಾರಣವೆಂದರು. ನೀರನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರಿಗೆ ಆಗುವುದಿಲ್ಲ, ತಿಂಗಳುಗಟ್ಟಲೆ ನಿಂತ ಎಂಜಿನ್ನಿಗಂತೂ ಬೇಡ. ಮಿನೆಸೋಟದಲ್ಲಿ ದೋಣಿಗೂ ಹಳೆಯ ವಾಹನಗಳಿಗೂ ಎಥೆನಾಲ್ ಬೆರೆಸದ ಪೆಟ್ರೋಲ್ ಬೇರೆ ಸಿಗುತ್ತದೆ. ನಮ್ಮಲ್ಲಿ ಈಗ ಬಂಕುಗಳಲ್ಲಿ ಶೇಕಡ 20ರ ಮಿಶ್ರಣ. ತಿಂಗಳುಗಟ್ಟಲೆ ನಿಂತೇ ಇರುವ ಅಲ್ಲಿಯ ಎಂಜಿನ್ನುಗಳ ಬಗ್ಗೆ ಯೋಚಿಸಿದೆ. ಮಲ್ಪೆಯ ನಾಡದೋಣಿಗಳ ಔಟ್‌ಬೋರ್ಡ್ ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುತ್ತದೆ ಎಂದಾಗ ಪಕ್ಕದವರು ನಂಬಲಿಲ್ಲ. ಅಳಿಯ ಫೋನಿನಲ್ಲಿ ವಿಡಿಯೊ ತೋರಿಸಿದ ಮೇಲೆ ಕುರ್ಚಿ ಎಳೆದು ಕೂತು ಕೇಳಿದರು.

ದೋಣಿಯ ಹಿಂದೆ ಕಚ್ಚಿಸುವ ಈ ಮೋಟರನ್ನು ಜನಕ್ಕೆ ಮುಟ್ಟಿಸಿದವರು ಪಕ್ಕದ ವಿಸ್ಕಾನ್ಸಿನ್‌ನ ಓಲೆ ಎವಿನ್‌ರೂಡ್, ನಾರ್ವೆಯಿಂದ ಬಂದವರು. 1909ರಲ್ಲಿ ಮಿಲ್ವಾಕಿಯಲ್ಲಿ ಕಂಪನಿ ಆಯಿತು. ಅವರ ಹೆಸರಿನ ಮೋಟರುಗಳ ತಯಾರಿಕೆ 2020ರಲ್ಲಿ ನಿಂತಿತು. ಈ ಸೀಮೆಯ ಗ್ಯಾರೇಜುಗಳಲ್ಲಿ ಅವು ಇನ್ನೂ ಓಡುತ್ತಿವೆ.

*

ಬಣ್ಣ. ಹೊರಗೆ ಮಾತ್ರ. ಉಪ್ಪುಕಾಗದದಿಂದ ಉಜ್ಜಿ, ಆಕ್ಸೈಡ್ ಮತ್ತೆ ಗಟ್ಟಿಯಾಗುವ ಮೊದಲೇ, ಲೋಹವನ್ನು ಕಚ್ಚುವ ಪ್ರೈಮರ್. ತಾಮ್ರ ಬೆರೆತ ಬಣ್ಣ ದೋಣಿಯ ಹತ್ತಿರವೂ ಬರಕೂಡದು.

*

ಕೊನೆಯ ಬೆರಗು. ದೋಣಿಯ ಹಿಂಬದಿಯ ಅಡಿಯಲ್ಲಿ ಬೇಕೆಂದೇ ಮಾಡಿದ ಒಂದು ತೂತಿದೆ. ನಿಂತ ನೀರು ಬಸಿಯಲು. ನೀರಿಗೆ ಇಳಿಸುವಾಗ ಬಿರಡೆ ಹಾಕಬೇಕು. ರಸ್ತೆಯಲ್ಲಿ ಒಯ್ಯುವಾಗ ತೆಗೆದಿಟ್ಟಿರಬೇಕು, ಇದು ಮಿನೆಸೋಟದ ಕಾನೂನು. ಜೀಬ್ರಾ ಮಸಲ್ ಎಂಬ ಪರದೇಶದ ಪುಟ್ಟ ಚಿಪ್ಪುಜೀವಿಯ ಮರಿಗಳು ಕಣ್ಣಿಗೆ ಕಾಣವು. ಒಂದು ದೋಣಿಯ ತಳದ ನೀರಿನಲ್ಲಿ ಕೂತು ಒಂದು ಸರೋವರದಿಂದ ಇನ್ನೊಂದಕ್ಕೆ ಹೋಗುತ್ತವೆ. ದೋಣಿಗೆ ಕೇಡು ಮಾಡುವ ನಿಂತ ನೀರು ಸರೋವರಕ್ಕೂ ಕೇಡು.

ನೀರಿಗಿಳಿಸುವ ಇಳಿಜಾರಿನಲ್ಲಿ ಅವರು ಬಿರಡೆ ಬಿಗಿದು, ಒಳಗಿನ ಅಂಚಿಗೆ ರಿವೆಟ್ ಹೊಡೆದ ಕೋಸ್ಟ್‌ಗಾರ್ಡಿನ ಫಲಕ ಓದಿದರು. ಎಷ್ಟು ಜನ, ಎಷ್ಟು ತೂಕ, ಎಷ್ಟು ಅಶ್ವಶಕ್ತಿ ಎಂದು ಅದರಲ್ಲಿ ಬರೆದಿದೆ. ನಾವು ನಾಲ್ವರು: ಅವರು, ನಾನು, ಅಳಿಯ, ಮೊಮ್ಮಗ. ಫಲಕ ನಾಲ್ವರನ್ನು ಒಪ್ಪುತ್ತದೆ. ಅವರು ಒಪ್ಪಲಿಲ್ಲ. ಹೊಸ ನೆಲದ ಹಲಗೆ, ಬ್ಯಾಟರಿ, ಹಲಗೆಗೆ ಬಳಿದ ಎಪಾಕ್ಸಿ, ಇವು ಫಲಕ ಬರೆದಾಗ ಇರಲಿಲ್ಲ. ಅಷ್ಟು ತೂಕ ಕಳೆಯಬೇಕು ಎಂದರು. ಮೂಗಿನ ಬಳಿಯ ಒಂದು ರಿವೆಟ್ ಇನ್ನೂ ಜಿನುಗುತ್ತದೆ, ಅದನ್ನು ಚಳಿಗಾಲಕ್ಕೆ ಮೊದಲು ನೋಡಿಕೊಳ್ಳುತ್ತಾರಂತೆ. ಮೊಮ್ಮಗನಿಗೆ ಲೈಫ್ ಜಾಕೆಟ್ಟಿನ ಪಟ್ಟಿ ಎಳೆದು ಕಟ್ಟಿ ನಡುವಿನ ಸೀಟಿನಲ್ಲಿ ಕೂರಿಸಿದರು, ನನ್ನನ್ನು ಮುಂದೆ. ಅಳಿಯ ಎರಡನೇ ಸುತ್ತಿಗೆ ಬರುವುದೆಂದಾಯಿತು.